ಮಿದುಳಿನ ಹೊತ್ತುಗೊತ್ತು

ಕನ್ನಡದಲ್ಲಿ ‘ಹೊತ್ತು’ ಎಂಬ ಮಾತಿಗೆ ಕಾಲವೆಂಬ ಅರ್ಥವೂ ಉಂಟು, ಸೂರ್ಯನೆಂಬ ಅರ್ಥವೂ ಉಂಟು. ‘ಹೊತ್ತು ಮೂಡಿತು’, ‘ಹೊತ್ತು ನೆತ್ತಿಗೆ ಬಂತು’, ‘ಹೊತ್ತು ಮುಳುಗಿತು’ ಎಂದು ನಮ್ಮ ಹಳ್ಳಿಯ ಜನ ಆಡುವಾಗ ಅವರು ಗಡಿಯಾರದ ಮಾತನ್ನು ಹೇಳುತ್ತಿಲ್ಲ, ಆಕಾಶದ ಮಾತನ್ನು ಹೇಳುತ್ತಿದ್ದಾರೆ. ಇದರ ಜೊತೆಗೇ ‘ಹೊತ್ತುಗೊತ್ತು’ ಎಂಬ ಜೋಡುನುಡಿಯೊಂದು ನಮ್ಮಲ್ಲಿದೆ. ಗೊತ್ತು ಎಂದರೆ ನೆಲೆ. ದನವನ್ನು ಗೊತ್ತಿಗೆ ಕಟ್ಟುವುದು ಎಂಬ ಬಳಕೆಯಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಹೊತ್ತೆಂಬುದು ಒಂದು ನೆಲೆಗೆ ಕಟ್ಟುಬಿದ್ದದ್ದು, ನೆಲೆ ತಪ್ಪಿದರೆ ಹೊತ್ತೂ ತಪ್ಪುತ್ತದೆ ಎಂಬ ತಿಳಿವಳಿಕೆ ಆ ಜೋಡುನುಡಿಯಲ್ಲಿ ಅಡಗಿರುವಂತೆ ನನಗೆ ತೋರುತ್ತದೆ. ತರಗತಿಯಲ್ಲಿ ಈ ಮಾತನ್ನು ವಿವರಿಸುವಾಗ, ಗಡಿಯಾರವಿಲ್ಲದ ಕಾಲದವರ ಸರಳ ಕಲ್ಪನೆ ಇದೆಂದು ವಿದ್ಯಾರ್ಥಿಗಳು ನಸುನಗುವುದುಂಟು. ಆದರೆ ಕಳೆದ ಐವತ್ತು ವರ್ಷಗಳಲ್ಲಿ ನರವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಯೇನೆಂದರೆ, ಮನುಷ್ಯನ ಮಿದುಳು ಹೊತ್ತನ್ನು ಅರಿತಿರುವುದು ಈ ಹಳೆಯ ಅರ್ಥದಲ್ಲಿಯೇ. ಜೆಟ್ ಲ್ಯಾಗ್ ಎಂದು ನಾವು ಕರೆಯುವ ತೊಂದರೆ ಆ ಅರಿವಿನ ಸಾಕ್ಷಿ.

ಈ ತೊಂದರೆಯ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಧೋರಣೆಗಳನ್ನು ಕಾಣುತ್ತೇನೆ. ಮೊದಲನೆಯದು ನಗೆಯ ಧೋರಣೆ. ವಿಮಾನದಲ್ಲಿ ವಿದೇಶಕ್ಕೆ ಹೋಗಿಬರುವ ಭಾಗ್ಯವಂತರ ಕಾಯಿಲೆ ಇದು. ಹೇಳಿಕೊಳ್ಳುವುದರಲ್ಲಿ ತುಸು ಹೆಮ್ಮೆಯೂ ಬೆರೆತಿದೆ ಎಂಬುದು ಅವರ ಭಾವನೆ. ಎರಡನೆಯದು ಛಲದ ಧೋರಣೆ. ಮನಸ್ಸು ಗಟ್ಟಿಯಿದ್ದರೆ ಇದೆಲ್ಲ ಒಂದು ಲೋಟ ಕಾಫಿಗೆ ಕರಗುವ ಆಯಾಸ; ಇಳಿದ ದಿನವೇ ಕೆಲಸಕ್ಕೆ ಹೊರಟವನೇ ಗಂಡು ಎಂಬುದು ಇವರ ಮತ. ಎರಡೂ ತಪ್ಪೆಂದು ನಾನು ತಿಳಿದಿದ್ದೇನೆ. ಬರಿಯ ತಪ್ಪಾದರೆ ಚಿಂತೆಯಿರಲಿಲ್ಲ. ಇವುಗಳಿಂದ ಮನೆಯ ಹಿರಿಯರಿಗೂ ದುಡಿಯುವ ತರುಣರಿಗೂ ಅನ್ಯಾಯವಾಗುತ್ತಿದೆ. ಆದಕಾರಣ ಈ ವಿಷಯವನ್ನು ಸಾಹಿತ್ಯದ ಮೇಷ್ಟರಾದ ನಾನು ಎತ್ತಿಕೊಂಡಿದ್ದೇನೆ.

ದೂರದೇಶದ ಪ್ರಯಾಣ ಹೊಸದಲ್ಲ. ಈ ತೊಂದರೆ ಮಾತ್ರ ಹೊಸದು. ೧೯೩೬ರಲ್ಲಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೊರಟಾಗ ಕಡಲ ಮೇಲೆ ಹೋದರು. ಆ ಪಯಣದಿಂದ ಕನ್ನಡಕ್ಕೆ ‘ಸಮುದ್ರಗೀತೆಗಳು’ ದೊರೆತವು. ಮುಂಬಯಿಗೂ ಲಂಡನ್ನಿಗೂ ಇರುವ ಹೊತ್ತಿನ ಅಂತರ ಐದೂವರೆ ಗಂಟೆ. ಹಡಗು ಎರಡು ಮೂರು ವಾರ ತೆಗೆದುಕೊಳ್ಳುತ್ತಿದ್ದುದರಿಂದ ದಿನಕ್ಕೆ ಇಪ್ಪತ್ತು ನಿಮಿಷದ ಆಸುಪಾಸು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಸಾಕಾಗುತ್ತಿತ್ತು. ಅಷ್ಟು ಸಣ್ಣ ಬದಲಾವಣೆಯನ್ನು ಮಿದುಳು ತಾನಾಗಿ ನುಂಗಿಕೊಳ್ಳುತ್ತದೆ. ಹಡಗಿನ ಪ್ರಯಾಣಿಕ ದಡ ಸೇರಿದಾಗ ಅವನ ದೇಹವೂ ಮಿದುಳೂ ಜೊತೆಯಾಗಿಯೇ ಇಳಿಯುತ್ತಿದ್ದವು. ವಿಮಾನ ಬಂದು ಈ ಜೊತೆಯನ್ನು ಮುರಿಯಿತು.

ಇದನ್ನು ಮೊದಲು ಗುರುತಿಸಿದವರಲ್ಲಿ ಅಮೆರಿಕದ ವೈಮಾನಿಕ ವೈಲಿ ಪೋಸ್ಟ್ ಒಬ್ಬ. ೧೯೩೧ರಲ್ಲಿ ಅವನೂ ಮಾರ್ಗದರ್ಶಕ ಹೆರಲ್ಡ್ ಗ್ಯಾಟಿಯೂ ೮ ದಿನ ೧೫ ಗಂಟೆ ೫೧ ನಿಮಿಷಗಳಲ್ಲಿ ಭೂಮಿಯನ್ನು ಸುತ್ತಿಬಂದರು. ಹಾರುವ ಮೊದಲೇ ಅವನು ಬೇಕೆಂದೇ ನಿದ್ರೆಯ ವೇಳೆಯನ್ನು ದಿನದಿಂದ ದಿನಕ್ಕೆ ಬದಲಿಸುತ್ತ, ಇಂಥ ಹೊತ್ತಿಗೆ ಮಲಗಬೇಕೆಂಬ ರೂಢಿಯನ್ನೇ ಒಡೆಯಲು ಪ್ರಯತ್ನಪಟ್ಟಿದ್ದನು. ವೇಗವೊಂದೇ ತನ್ನ ಎದುರಾಳಿಯಲ್ಲ, ತನ್ನೊಳಗಿನ ಹೊತ್ತೂ ಎದುರಾಳಿ ಎಂಬುದು ಆ ವೈಮಾನಿಕನಿಗೆ ಅನುಭವದಿಂದಲೇ ತಿಳಿದಿತ್ತು.

‘ಜೆಟ್ ಲ್ಯಾಗ್’ ಎಂಬ ಹೆಸರು ಹುಟ್ಟಿದ್ದು ೧೯೬೦ರ ದಶಕದಲ್ಲಿ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಕೇಳಿದವರಿಗೆ ತಪ್ಪು ವಿಮಾನದ್ದೇ ಎನ್ನಿಸುತ್ತದೆ. ೧೯೫೨ರ ಮೇ ತಿಂಗಳಲ್ಲಿ ಕಾಮೆಟ್ ಎಂಬ ಜೆಟ್ ವಿಮಾನ ಮೊದಲ ಬಾರಿಗೆ ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಹಾರಿದ್ದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ. ಅದು ಹೆಚ್ಚುಕಡಮೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ದಾರಿ. ಅಲ್ಲಿ ಸಾವಿರಾರು ಮೈಲಿ ಹಾರಿದರೂ ಹೊತ್ತಿನ ಅಂತರ ಅತ್ಯಲ್ಪ. ಆ ಪ್ರಯಾಣಿಕರು ದಣಿದಿರಬಹುದು, ಕಾಲು ಜೋಮುಹಿಡಿದಿರಬಹುದು. ಒಂದು ರಾತ್ರಿಯ ಒಳ್ಳೆಯ ನಿದ್ರೆ ಅವರನ್ನು ಸರಿಪಡಿಸಿರುತ್ತದೆ. ತೊಂದರೆ ಬರುವುದು ಪೂರ್ವಪಶ್ಚಿಮವಾಗಿ, ಸೂರ್ಯನ ದಾರಿಯಲ್ಲಿ ಹಾರಿದಾಗ. ಆದ್ದರಿಂದ ಇದು ಪ್ರಯಾಣದ ಆಯಾಸವಲ್ಲ, ಹೊತ್ತಿನ ಪಲ್ಲಟ. ಕನ್ನಡದಲ್ಲಿ ಹಾಗೆಯೇ ಕರೆದರೆ ವಿಷಯ ಹೆಚ್ಚು ಸ್ಪಷ್ಟವಾದೀತು.

ಹಾಗಾದರೆ ಹೊತ್ತು ನಮ್ಮೊಳಗೆ ಎಲ್ಲಿದೆ? ೧೭೨೯ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ಖಗೋಳ ವಿಜ್ಞಾನಿ, ಹಗಲು ಎಲೆಯರಳಿಸಿ ಇರುಳು ಮುಚ್ಚಿಕೊಳ್ಳುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ನಮ್ಮ ರಸ್ತೆಯಂಚಿನಲ್ಲಿ ಬೆಳೆಯುವ ಮುಟ್ಟಿದರೆ ಮುನಿಯಂಥ ಗಿಡ ಅದು. ಬೆಳಕಿನ ಸುಳಿವೇ ಇಲ್ಲದೆಯೂ ಅದು ಹೊರಗೆ ಹಗಲಾದಾಗ ಎಲೆಗಳನ್ನು ಅರಳಿಸಿತು. ಹೊತ್ತಿನ ಲೆಕ್ಕ ಜೀವದೊಳಗೇ ಇದೆಯೆಂಬುದಕ್ಕೆ ಅದು ಮೊದಲ ಕುರುಹು. ಮನುಷ್ಯನೂ ಸೇರಿದಂತೆ ಸ್ತನಿಗಳಲ್ಲಿ ಆ ಲೆಕ್ಕ ಇಡುವ ಜಾಗವನ್ನು ಗುರುತಿಸಲು ಮುಂದೆ ಸುಮಾರು ಎರಡೂವರೆ ಶತಮಾನ ಬೇಕಾಯಿತು. ೧೯೭೨ರಲ್ಲಿ ಅಮೆರಿಕದ ಎರಡು ವಿಜ್ಞಾನಿ ತಂಡಗಳು ಬೇರೆ ಬೇರೆಯಾಗಿ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದೇ ತಾಣವನ್ನು ತೋರಿಸಿದವು. ಎರಡು ಕಣ್ಣುಗಳ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಕೂಡುದಾರಿಯ ಮೇಲೆಯೇ ಆ ತಾಣವಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಗಾತ್ರದಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಅಲ್ಲಿರುವ ಸಾವಿರಾರು ನರಕೋಶಗಳು ಒಟ್ಟುಗೂಡಿ ದಿನವನ್ನು ಎಣಿಸುತ್ತವೆ. ಒಂದೊಂದು ಕೋಶದೊಳಗೂ ಕೆಲವು ಪ್ರೋಟೀನುಗಳು ಕೂಡುತ್ತ, ಕರಗುತ್ತ ಸುಮಾರು ಇಪ್ಪತ್ತನಾಲ್ಕು ಗಂಟೆಗೊಂದು ಸುತ್ತು ಮುಗಿಸುತ್ತವೆ. ಈ ಒಳಯಂತ್ರವನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನ ಸಂದಿತು.

ಈ ಶಾಸ್ತ್ರ ನಮಗೆ ತೀರ ಹೊರಗಿನದೂ ಅಲ್ಲ. ಪ್ರಾಧ್ಯಾಪಕ ಎಂ. ಕೆ. ಚಂದ್ರಶೇಖರನ್ ಅವರು ಮದುರೆಯ ಬಳಿಯ ಗುಹೆಯೊಂದರ ಬಾವಲಿಗಳು ಕತ್ತಲೆಯಲ್ಲಿ ಹೊತ್ತನ್ನು ಅರಿಯುವ ಬಗೆಯನ್ನು ಪರಿಶೀಲಿಸಿದರು. ಗಡಿಯಾರವೂ ಕಿಟಕಿಯೂ ಇಲ್ಲದ ಕೋಣೆಯಲ್ಲಿ ಮನುಷ್ಯರು ದಿನವನ್ನು ಹೇಗೆ ಕಳೆಯುತ್ತಾರೆಂಬುದನ್ನೂ ಪರೀಕ್ಷಿಸಿದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ತಮ್ಮ ಅಧ್ಯಯನವನ್ನು ಮುಂದುವರಿಸಿದರು.

ಮಿದುಳಿನ ಈ ಗಡಿಯಾರಕ್ಕೆ ಒಂದು ಸಣ್ಣ ದೋಷವುಂಟು. ತನ್ನ ಪಾಡಿಗೆ ಬಿಟ್ಟರೆ ಅದು ಸ್ವಲ್ಪ ನಿಧಾನವಾಗಿ ಓಡುತ್ತದೆ. ೧೯೯೯ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಸೈಸ್ಲರ್ ಮತ್ತು ಅವರ ಸಂಗಡಿಗರು ಅಳೆದು ಹೇಳಿದಂತೆ ಮನುಷ್ಯನ ಒಳದಿನದ ಸರಾಸರಿ ಉದ್ದ ೨೪ ಗಂಟೆ ೧೧ ನಿಮಿಷ. ಆದ್ದರಿಂದ ಪ್ರತಿದಿನವೂ ಅದನ್ನು ಸೂರ್ಯನಿಗೆ ಹೊಂದಿಸಬೇಕಾಗುತ್ತದೆ. ಹೊಂದಿಸುವ ಕೈ ಬೆಳಕಿನದು. ನೋಟಕ್ಕಾಗಿ ಇರುವ ಕೋಶಗಳಲ್ಲದೆ, ಬೆಳಕಿನ ಪ್ರಮಾಣವನ್ನು ಮಾತ್ರ ತಿಳಿದು ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳೂ ನಮ್ಮ ಅಕ್ಷಿಪಟಲದಲ್ಲಿವೆ. ಕಣ್ಣು ಕಾಣದ ಕೆಲವರಲ್ಲಿಯೂ ಇವು ಕೆಲಸಮಾಡುತ್ತಿರುತ್ತವೆ. ಅಂದರೆ ನಾವು ಕಣ್ಣುಳ್ಳವರಾಗಿರುವುದು ನೋಡುವುದಕ್ಕಾಗಿ ಮಾತ್ರವಲ್ಲ, ಹೊತ್ತನ್ನು ಅರಿಯುವುದಕ್ಕಾಗಿ ಕೂಡ.

ಪೂರ್ವಕ್ಕೆ ಹೋಗುವುದು ಪಶ್ಚಿಮಕ್ಕೆ ಹೋಗುವುದಕ್ಕಿಂತ ಕಷ್ಟವೆಂಬ ಪ್ರವಾಸಿಗಳ ಅನುಭವಕ್ಕೂ ಈ ನಿಧಾನವೇ ಕಾರಣ. ಪಶ್ಚಿಮಕ್ಕೆ ಹೋದವನು ತಡವಾಗಿ ಮಲಗಬೇಕು. ನಿಧಾನವಾಗಿ ಓಡುವ ಗಡಿಯಾರಕ್ಕೆ ಅದು ಒಪ್ಪಿಗೆ. ಪೂರ್ವಕ್ಕೆ ಹೋದವನು ಬೇಗ ಮಲಗಬೇಕು. ಅದಕ್ಕೆ ಅದು ಒಗ್ಗದು. ಸಾಮಾನ್ಯವಾಗಿ ಒಂದು ಗಂಟೆಯ ಅಂತರಕ್ಕೆ ಒಂದು ದಿನ ಬೇಕೆಂದು ಎಣಿಸುತ್ತಾರೆ. ಪಶ್ಚಿಮದ ಪಯಣದಲ್ಲಿ ಇದಕ್ಕಿಂತ ತುಸು ಕಡಮೆ, ವಯಸ್ಸಾದವರಲ್ಲಿ ಹಲವೊಮ್ಮೆ ಇದಕ್ಕಿಂತ ಹೆಚ್ಚು. ೨೦೨೧ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನ ಉತ್ತರಧ್ರುವದ ಮೇಲೆ ಹಾದು ಸುಮಾರು ಹದಿನೇಳು ಗಂಟೆಗಳಲ್ಲಿ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಾಗ ನಾವೆಲ್ಲ ಹಿಗ್ಗಿದೆವು. ಅದನ್ನು ನಡೆಸಿದವರು ಸ್ತ್ರೀಯರೇ ಎಂಬುದು ಇನ್ನೂ ಹಿಗ್ಗಿನ ಸಂಗತಿ. ಆದರೆ ಆ ಎರಡು ಊರುಗಳಿಗೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರ. ದೇಹ ಹದಿನೇಳು ಗಂಟೆಗಳಲ್ಲಿ ಬಂದಿತು. ಮಿದುಳು ಬರಲು ವಾರವೂ ಸಾಲದು.

ಈ ನಡುವಣ ದಿನಗಳಲ್ಲಿ ಒಳಗೆ ಏನಾಗುತ್ತದೆ? ಸಂಗೀತ ಕಚೇರಿಯ ಹೋಲಿಕೆಯಿಂದ ಹೇಳುವುದು ಸುಲಭ. ಮಿದುಳಿನ ಆ ಅಕ್ಕಿಕಾಳು ತಂಬೂರಿಯಂತೆ; ಹೊಟ್ಟೆ, ಪಿತ್ತಕೋಶ, ಸ್ನಾಯು, ಗ್ರಂಥಿಗಳೆಲ್ಲ ಅದರ ಶ್ರುತಿಗೆ ನುಡಿಯುವ ವಾದ್ಯಗಳು. ಅವಕ್ಕೂ ತಮ್ಮ ತಮ್ಮ ಗಡಿಯಾರಗಳುಂಟು. ಊರು ಬದಲಾದಾಗ ಶ್ರುತಿ ಬದಲಾಗಬೇಕು. ಆದರೆ ಎಲ್ಲವೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಊಟದ ವೇಳೆಯನ್ನು ನೋಡಿ ಪಿತ್ತಕೋಶ ಒಂದು ಕಡೆಗೆ ಎಳೆಯುತ್ತದೆ, ಬೆಳಕನ್ನು ನೋಡಿ ಮಿದುಳು ಇನ್ನೊಂದು ಕಡೆಗೆ ಎಳೆಯುತ್ತದೆ. ಅಷ್ಟೇ ಅಲ್ಲ, ಬೆಳಕಿನ ಸುದ್ದಿಯನ್ನು ನೇರವಾಗಿ ಪಡೆಯುವ ಗಡಿಯಾರದ ಒಂದು ಭಾಗ ಬೇಗ ಹೊಂದಿಕೊಂಡು, ಇನ್ನೊಂದು ಭಾಗ ಹಿಂದೆಯೇ ಉಳಿಯುತ್ತದೆಂದು ಇಲಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ತಂಬೂರಿಯ ತಂತಿಗಳೇ ಒಂದಕ್ಕೊಂದು ಕೂಡದಿದ್ದ ಮೇಲೆ ಹಾಡುಗಾರ ಏನು ಮಾಡಿಯಾನು?

ನಿದ್ರೆ ಬಾರದಿರುವುದು ಈ ಪಲ್ಲಟದ ಹೊರಗಿನ ಗುರುತು ಮಾತ್ರ. ಒಳಗಿನ ಏರುಪೇರು ಇನ್ನೂ ಆಳವಾದದ್ದು. ನಸುಕಿನ ನಾಲ್ಕೈದು ಗಂಟೆಯ ಸುಮಾರಿಗೆ ನಮ್ಮ ಮೈಯ ಕಾವು ದಿನದ ಅತ್ಯಂತ ಕೆಳಮಟ್ಟಕ್ಕಿಳಿಯುತ್ತದೆ. ಕತ್ತಲೆಯ ಸುದ್ದಿ ಹೊತ್ತ ಮೆಲಟೋನಿನ್ ಎಂಬ ರಸ ರಕ್ತದಲ್ಲಿ ತುಂಬಿರುತ್ತದೆ. ಗಮನ, ನೆನಪು, ವಿವೇಚನೆ ಮೂರೂ ಮಂದವಾಗಿರುತ್ತವೆ. ಆ ಹೊತ್ತಿನಲ್ಲಿ ನಾವು ಮಲಗಿರುವುದರಿಂದ ನಮಗೆ ನಷ್ಟವಿಲ್ಲ. ಹೊತ್ತು ಪಲ್ಲಟವಾದವನಿಗೆ ಆ ಗಳಿಗೆ ಹೊಸ ಊರಿನ ಹಾಡುಹಗಲಿನಲ್ಲಿ ಬರುತ್ತದೆ. ಎದುರಿನವರಿಗೆ ಅವನು ಎಚ್ಚೆತ್ತಿರುವಂತೆಯೇ ಕಾಣುತ್ತಾನೆ, ಮಾತನಾಡುತ್ತಾನೆ, ನಗುತ್ತಾನೆ. ಆದರೆ ಅವನ ಮಿದುಳಿನಲ್ಲಿ ಕೋಳಿ ಕೂಗುವ ಹೊತ್ತಾಗಿರುತ್ತದೆ. ಮಾತು ತಡವರಿಸುವುದು, ತಿಳಿದ ಹೆಸರು ನಾಲಗೆಗೆ ಬಾರದಿರುವುದು, ಸಣ್ಣ ಮಾತಿಗೆ ಸಿಡುಕು ಬರುವುದು, ಕಾರಣವಿಲ್ಲದೆ ಮನಸ್ಸು ಕುಗ್ಗುವುದು, ಇವೆಲ್ಲ ಅವನ ಸ್ವಭಾವದ ದೋಷಗಳಲ್ಲ.

ಛಲದಿಂದ ಇದನ್ನು ಗೆಲ್ಲಬಹುದೆನ್ನುವವರಿಗೆ ನಾನು ೧೯೩೮ರ ಒಂದು ಪ್ರಯೋಗವನ್ನು ನೆನಪಿಸಬಯಸುತ್ತೇನೆ. ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ನಿದ್ರಾಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು. ಅವರೂ ಅವರ ಶಿಷ್ಯ ಬ್ರೂಸ್ ರಿಚರ್ಡ್‌ಸನ್ನನೂ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಸೂರ್ಯನ ಸುಳಿವಿಲ್ಲದೆ ೩೨ ದಿನ ವಾಸಮಾಡಿದರು. ದಿನಕ್ಕೆ ಇಪ್ಪತ್ತನಾಲ್ಕರ ಬದಲು ಇಪ್ಪತ್ತೆಂಟು ಗಂಟೆಯೆಂದಿಟ್ಟುಕೊಂಡು ಬದುಕುವುದು ಅವರ ಸಂಕಲ್ಪ. ತರುಣ ರಿಚರ್ಡ್‌ಸನ್ನನ ಮೈ ಹೊಸ ದಿನಕ್ಕೆ ಹೊಂದಿಕೊಂಡಿತು. ನಲವತ್ತಮೂರು ವಯಸ್ಸಿನ ಕ್ಲೈಟ್‌ಮನ್ನರ ಮೈ ಹೊಂದಿಕೊಳ್ಳಲಿಲ್ಲ. ತಿಂಗಳು ಕಳೆದರೂ ಅವರ ಮೈಯ ಕಾವು ಹೊರಗಿನ ಹಳೆಯ ದಿನದ ಲೆಕ್ಕದಲ್ಲಿಯೇ ಏರಿಳಿಯುತ್ತಿತ್ತು. ಅವರಿಗೆ ಸಂಕಲ್ಪಬಲ ಕಡಮೆಯಿತ್ತೆ? ವಿದ್ಯೆ ಕಡಮೆಯಿತ್ತೆ? ನಿದ್ರೆಯ ವಿಷಯದಲ್ಲಿ ಲೋಕಕ್ಕೇ ಪಾಠ ಹೇಳಿದವರ ಮಿದುಳು ಅವರ ಮಾತನ್ನೇ ಕೇಳಲಿಲ್ಲವೆಂದಮೇಲೆ, ವಿಮಾನದಿಂದ ಇಳಿದ ನಮ್ಮ ನೆಂಟನೊಬ್ಬ ಮಧ್ಯಾಹ್ನ ತೂಕಡಿಸಿದರೆ ಸೋಮಾರಿಯೆನ್ನುವುದು ನ್ಯಾಯವೆ?

ಒಂದು ಸಾರಿಯ ಪಲ್ಲಟ ವಾರದಲ್ಲಿ ಸರಿಹೋಗುತ್ತದೆ; ಅದಕ್ಕೆ ಭಯಪಡಬೇಕಾದುದಿಲ್ಲ. ಮೇಲಿಂದ ಮೇಲೆ ಆಗುವ ಪಲ್ಲಟದ ಮಾತು ಬೇರೆ. ೨೦೦೧ರಲ್ಲಿ ಕ್ವಾಂಗ್‌ವುಕ್ ಚೋ ಎಂಬ ವಿಜ್ಞಾನಿ ವಿಮಾನ ಪರಿಚಾರಿಕೆಯರ ಎರಡು ಗುಂಪುಗಳನ್ನು ಹೋಲಿಸಿದರು. ದೂರಪ್ರಯಾಣಗಳ ನಡುವೆ ಎರಡು ವಾರ ಬಿಡುವಿದ್ದವರಿಗಿಂತ, ಐದು ದಿನ ಮಾತ್ರ ಬಿಡುವಿದ್ದವರಲ್ಲಿ ಮಿದುಳಿನ ಬಲ ಕಪೋಲಭಾಗ ಚಿಕ್ಕದಾಗಿತ್ತು. ಜಾಗಗಳನ್ನು ನೆನಪಿಡುವ ಶಕ್ತಿಯೂ ಕುಂದಿತ್ತು. ಪರೀಕ್ಷೆಗೆ ಒಳಗಾದವರು ಕೆಲವರೇ ಆದ್ದರಿಂದ ಇದೊಂದರಿಂದಲೇ ಕೊನೆಯ ತೀರ್ಮಾನ ಸಲ್ಲದು. ಆದರೆ ೨೦೧೦ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳ ಮೇಲೆ ನಡೆದ ಪ್ರಯೋಗವೂ ಇದೇ ದಿಕ್ಕಿನಲ್ಲಿ ಬೆರಳು ತೋರಿಸುತ್ತದೆ. ಮೂರು ದಿನಕ್ಕೊಮ್ಮೆ ಆರು ಗಂಟೆಯಂತೆ ನಾಲ್ಕು ವಾರ ಅವುಗಳ ಹಗಲಿರುಳನ್ನು ಪಲ್ಲಟಗೊಳಿಸಿದಾಗ, ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳ ಹುಟ್ಟು ಸುಮಾರು ಅರ್ಧಕ್ಕಿಳಿಯಿತು. ಹಳೆಯ ದಿನಚರಿಗೆ ಮರಳಿಸಿ ಒಂದು ತಿಂಗಳಾದರೂ ಅವುಗಳ ಕಲಿಕೆ ಹಿಂದಿನ ಮಟ್ಟಕ್ಕೆ ಬರಲಿಲ್ಲ.

ಇಷ್ಟು ವಿಜ್ಞಾನದ ಮಾತಾಯಿತು. ಇನ್ನು ನಮ್ಮ ಮನೆಗಳ ಮಾತಿಗೆ ಬರುತ್ತೇನೆ. ಇಂದು ಮೈಸೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ನಡುವಯಸ್ಸು ದಾಟಿದ ದಂಪತಿಗಳಲ್ಲಿ ಅನೇಕರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬರುತ್ತಾರೆ. ತಾಯಿ ಇಳಿದ ಮಾರನೆಯ ದಿನವೇ ಅಡುಗೆಮನೆ ಹೊಗುತ್ತಾಳೆ. ಚಳಿಗಾಲದ ಕ್ಯಾಲಿಫೋರ್ನಿಯದಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ಅವಳ ಮಿದುಳಿನಲ್ಲಿ ನಸುಕಿನ ನಾಲ್ಕೂವರೆ. ಒಲೆಯ ಮೇಲಿಟ್ಟ ಹಾಲು ಉಕ್ಕುತ್ತದೆ. ಮಗುವಿಗೆ ಔಷಧಿ ಹಾಕಿದೆನೋ ಇಲ್ಲವೋ ಎಂದು ಅನುಮಾನವಾಗುತ್ತದೆ. ಇರುಳು ಎರಡು ಗಂಟೆಗೆ ಅವಳಿಗೆ ಊರಿನ ಹಗಲು ಮೂರೂವರೆಯ ಎಚ್ಚರ. ದೀಪ ಹಾಕಿದರೆ ಮಗು ಎದ್ದೀತೆಂದು ಕತ್ತಲೆಯಲ್ಲಿ ಕುಳಿತಿರುತ್ತಾಳೆ. ನಾಲ್ಕು ದಿನ ಹೀಗೆ ನಡೆದರೆ ಮಗಳೂ ಅಳಿಯನೂ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಾರೆ: ‘ಅಮ್ಮನಿಗೆ ಮರೆವು ಬಂದಿದೆ, ವಯಸ್ಸಾಯಿತು.’ ಪರಿಚಿತರ ಮನೆಗಳಲ್ಲಿ ಈ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಆ ತಾಯಿಯೂ ಅದನ್ನು ನಂಬಿಬಿಡುತ್ತಾಳೆ; ನಂಬಿ, ಪಾತ್ರೆ ಎತ್ತುವ ಮೊದಲು ಮಗಳ ಮುಖ ನೋಡುವಂತಾಗುತ್ತಾಳೆ. ಮೂರು ವಾರ ಕಳೆದ ಮೇಲೂ ಮರೆವು ಹೋಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದೇ. ಆದರೆ ಮೊದಲ ವಾರದ ತಡವರಿಕೆಯಿಂದ ಒಬ್ಬ ಮನುಷ್ಯಳ ಬುದ್ಧಿಯ ಮೇಲೆ ತೀರ್ಪು ಕೊಡುವುದು ಕ್ರೂರವೆಂದೇ ನನ್ನ ಅಭಿಪ್ರಾಯ.

ಇದರ ತಿರುವುಮುರುವಾದ ಚಿತ್ರವೂ ಉಂಟು. ನ್ಯೂಯಾರ್ಕಿನ ಕಡೆಯಿಂದ ಮಗನೊಬ್ಬ ಡಿಸೆಂಬರಿನಲ್ಲಿ ಹತ್ತು ದಿನದ ರಜೆಯ ಮೇಲೆ ಬರುತ್ತಾನೆ. ಬಂದ ಮರುದಿನ ಅಣ್ಣತಮ್ಮಂದಿರು ಹಿಸ್ಸೆಯ ಪತ್ರ ಮುಂದಿಡುತ್ತಾರೆ, ಇಲ್ಲವೆ ವಧುವನ್ನು ನೋಡಲು ಕರೆದೊಯ್ಯುತ್ತಾರೆ. ಇಲ್ಲಿ ಮಧ್ಯಾಹ್ನ ಮೂರು ಗಂಟೆ. ಅವನಿಗೂ ನಸುಕಿನ ನಾಲ್ಕೂವರೆಯೇ. ಆ ಗಳಿಗೆಯಲ್ಲಿ ಅವನು ಹಾಕುವ ಸಹಿ, ಆಡುವ ಒರಟು ಮಾತು, ಕೊಡುವ ಒಪ್ಪಿಗೆ ಇವುಗಳಿಗೆ ಎಷ್ಟು ಬೆಲೆ ಕಟ್ಟಬೇಕು? ಹತ್ತನೆಯ ದಿನ, ಅವನ ಮಿದುಳು ಊರಿಗೆ ಬಂದು ಸೇರುವ ಹೊತ್ತಿಗೆ, ಅವನು ಮರಳಿ ವಿಮಾನ ಹತ್ತುತ್ತಾನೆ. ‘ಬಂದಿದ್ದ, ಆದರೆ ಮನಸ್ಸಿಟ್ಟು ನಮ್ಮೊಡನೆ ಇರಲಿಲ್ಲ’ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಇಂಥ ಮನಸ್ತಾಪಗಳಲ್ಲಿ ಕೆಲವಕ್ಕೆ ಪ್ರೀತಿಯ ಕೊರತೆ ಕಾರಣವಲ್ಲ, ಹೊತ್ತಿನ ಕೊರತೆ ಕಾರಣವೆಂದು ನಾನು ನಂಬಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಪ್ರಯಾಣ ಮಾಡಿದವರ ಮಾತು. ಪ್ರಯಾಣ ಮಾಡದೆಯೇ ಹೊತ್ತು ಕಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಹಗಲಿಗಾಗಿ ಇರುಳೆಲ್ಲ ದುಡಿಯುವ ತರುಣ ತರುಣಿಯರು ಒಂದು ರೀತಿಯಲ್ಲಿ ನಿತ್ಯಪ್ರವಾಸಿಗಳು. ದೂರಕ್ಕೆ ಹೋದ ಪ್ರವಾಸಿಗೆ ಹೊಸ ಊರಿನ ಸೂರ್ಯನಾದರೂ ಸಹಾಯ ಮಾಡುತ್ತಾನೆ. ವಾರದೊಳಗೆ ಅವನನ್ನು ತನ್ನ ಹೊತ್ತಿಗೆ ಎಳೆದುಕೊಳ್ಳುತ್ತಾನೆ. ಇರುಳು ದುಡಿದು ಬೆಳಗ್ಗೆ ಮನೆಗೆ ಹೊರಟವರ ಕಣ್ಣಿಗೆ ಬೀಳುವುದು ಬೆಂಗಳೂರಿನ ಸೂರ್ಯನೇ. ಕೆಲಸ ಒಂದು ಹೊತ್ತನ್ನು ಹೇಳುತ್ತದೆ, ಬೆಳಕು ಇನ್ನೊಂದನ್ನು ಹೇಳುತ್ತದೆ. ಈ ಜಗ್ಗಾಟ ಮುಗಿಯುವುದೇ ಇಲ್ಲ. ಆಸ್ಪತ್ರೆಯ ದಾದಿಯರು, ಕಾವಲುಗಾರರು, ಲಾರಿ ಚಾಲಕರು, ಗಿರಣಿಯ ಕೆಲಸಗಾರರು ಎಲ್ಲರದೂ ಇದೇ ಪಾಡು. ಹೊತ್ತಿನ ಲಯ ಕೆಡಿಸುವ ಪಾಳಿ ದುಡಿಮೆ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ೨೦೦೭ರಲ್ಲಿ ವರ್ಗೀಕರಿಸಿತು. ೨೦೧೯ರಲ್ಲಿ ಮತ್ತೆ ಪರಿಶೀಲಿಸಿ ಇರುಳುಪಾಳಿಯ ದುಡಿಮೆಯನ್ನು ಅದೇ ವರ್ಗದಲ್ಲಿ ಉಳಿಸಿತು.

ನನ್ನ ವೃತ್ತಿಗೆ ತಾಗುವ ಮಾತೊಂದುಂಟು. ಹರೆಯದಲ್ಲಿ ಮಿದುಳಿನ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ನಿದ್ರೆ ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ವಾರದ ದಿನಗಳಲ್ಲಿ ಒಂದು ಹೊತ್ತಿಗೂ ಭಾನುವಾರ ಇನ್ನೊಂದು ಹೊತ್ತಿಗೂ ಏಳುವವರ ಸ್ಥಿತಿಗೆ ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಅವರ ಜೊತೆಗಾರರು ೨೦೦೬ರಲ್ಲಿ ‘ಸಾಮಾಜಿಕ ಜೆಟ್ ಲ್ಯಾಗ್’ ಎಂಬ ಹೆಸರು ಕೊಟ್ಟರು. ಕ್ಯಾಲಿಫೋರ್ನಿಯದಲ್ಲಿ ೨೦೧೯ರಲ್ಲಿ ಕಾನೂನು ಮಾಡಿ ೨೦೨೨ರಿಂದ ಪ್ರೌಢಶಾಲೆಗಳು ಬೆಳಗ್ಗೆ ಎಂಟೂವರೆಗೆ ಮೊದಲು ತೊಡಗಬಾರದೆಂದು ವಿಧಿಸಿದರು. ನಮ್ಮಲ್ಲಿ ಪರೀಕ್ಷೆ ಹತ್ತಿರವಾದಂತೆ ಬೆಳಗಿನ ಆರು ಗಂಟೆಗೆ ವಿಶೇಷ ತರಗತಿ, ಇರುಳು ಹನ್ನೊಂದರವರೆಗೆ ಓದು. ಮೊದಲ ಪಾಠದಲ್ಲಿ ತೂಗುವ ತಲೆಗಳನ್ನು ಕಂಡು ಶ್ರದ್ಧೆಯಿಲ್ಲವೆನ್ನುವ ಅಧ್ಯಾಪಕರು, ಆ ತಲೆಗಳೊಳಗಿನ ಹೊತ್ತೇನೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಇರುಳೆಲ್ಲ ಕೈಯಲ್ಲಿ ಹಿಡಿದ ಮೊಬೈಲಿನ ಬೆಳಕೂ ಅವರನ್ನು ಕೆಡಿಸುತ್ತಿದೆಯೆಂಬುದು ನಿಜ. ಅದನ್ನು ತಿದ್ದುವುದು ವಿದ್ಯಾರ್ಥಿಗಳ ಪಾಲಿನ ಕರ್ತವ್ಯ. ಆದರೆ ವೇಳಾಪಟ್ಟಿಯನ್ನು ಬರೆಯುವವರು ಅವರಲ್ಲ, ನಾವು.

ಇದಕ್ಕೆ ಆಕ್ಷೇಪಣೆ ಬಾರದಿರದು. ಲೋಕದ ವ್ಯವಹಾರವೆಲ್ಲ ಒಬ್ಬೊಬ್ಬನ ಮಿದುಳಿನ ಹೊತ್ತನ್ನು ಕೇಳಿ ನಡೆಯಲು ಸಾಧ್ಯವೆ? ಇರುಳು ರೋಗಿಯನ್ನು ನೋಡುವ ದಾದಿ ಬೇಡವೆ? ಹತ್ತೇ ದಿನ ರಜೆಯಿರುವವನು ಒಂದು ವಾರ ಕಾಯಲಾದೀತೆ? ಇವು ತೂಕವುಳ್ಳ ಪ್ರಶ್ನೆಗಳೇ. ಲೋಕ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಇರುಳಿನ ದುಡಿಮೆ ಅನಿವಾರ್ಯವಾದಲ್ಲಿ ಅದು ಮಿದುಳಿನಿಂದ ಪಡೆದ ಸಾಲವೆಂದು ತಿಳಿದು, ಪಾಳಿಯನ್ನು ಮೇಲಿಂದ ಮೇಲೆ ಬದಲಿಸದೆ, ಬಿಡುವನ್ನು ದಾನವೆಂಬಂತೆ ಕೊಡದೆ ಸಂಬಳದಷ್ಟೇ ನಿಶ್ಚಿತವಾಗಿ ಕೊಡಬೇಕೆಂದು ಹೇಳುತ್ತಿದ್ದೇನೆ. ದೂರದಿಂದ ಬಂದವರಿಂದ ದೊಡ್ಡ ನಿರ್ಧಾರಗಳನ್ನು ಮೊದಲ ಮೂರು ನಾಲ್ಕು ದಿನ ಕೇಳಬಾರದು; ಕೇಳಲೇಬೇಕಾದರೆ ಅವರ ಎಚ್ಚರದ ಹೊತ್ತು ಯಾವುದೆಂದು ಲೆಕ್ಕಹಾಕಿ ಕೇಳಬೇಕು. ಇದಕ್ಕೆ ಖರ್ಚಿಲ್ಲ, ಬೇಕಾದುದು ಸ್ವಲ್ಪ ತಾಳ್ಮೆ.

ಲೆಕ್ಕವೆಂದೆನಲ್ಲ, ಅದು ಕಷ್ಟದ್ದೇನೂ ಅಲ್ಲ. ಹಳೆಯ ಊರಿನ ನಸುಕಿನ ನಾಲ್ಕೈದು ಗಂಟೆ ಹೊಸ ಊರಿನಲ್ಲಿ ಯಾವಾಗ ಬರುತ್ತದೆಂದು ಮೊದಲು ನೋಡಬೇಕು. ಆ ಗಳಿಗೆಗೆ ಮುಂಚೆ ಕಣ್ಣಿಗೆ ಬೀಳುವ ಬೆಳಕು ಮಿದುಳಿನ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಅನಂತರ ಬೀಳುವ ಬೆಳಕು ಮುಂದಕ್ಕೆ ಎಳೆಯುತ್ತದೆ. ಚಳಿಗಾಲದಲ್ಲಿ ಲಂಡನ್ನಿನಿಂದ ಬೆಂಗಳೂರಿಗೆ ಬಂದವನಿಗೆ ಆ ಗಳಿಗೆ ಬೆಳಗಿನ ಹತ್ತರ ಸುಮಾರಿಗೆ ಬರುತ್ತದೆ. ಆದ್ದರಿಂದ ಅವನನ್ನು ಮೊದಲ ದಿನ ಮುಂಜಾನೆಯೇ ಎಬ್ಬಿಸಿ ಬಿಸಿಲಿಗೆ ಕರೆದೊಯ್ಯುವುದು ಉಪಕಾರವಲ್ಲ, ಅಪಕಾರ. ಹತ್ತೂವರೆಯ ಮೇಲೆ ಹೊರಗೆ ತಿರುಗಾಡಲಿ. ಮಾರನೆಯ ದಿನ ಅದಕ್ಕಿಂತ ಒಂದು ಗಂಟೆ ಮೊದಲು, ಅದರ ಮರುದಿನ ಇನ್ನೊಂದು ಗಂಟೆ ಮೊದಲು. ಅಮೆರಿಕದಿಂದ ಬಂದವರಿಗೂ ಅಲ್ಲಿಗೆ ಹೋದವರಿಗೂ ಅಂತರ ಬಹಳ ದೊಡ್ಡದಾದ್ದರಿಂದ ಗಡಿಯ���ರ ಮುಂದಕ್ಕೂ ಸರಿಯಬಹುದು, ಹಿಂದಕ್ಕೂ ಸರಿಯಬಹುದು. ಅವರಿಗೆ ಬೇಕಾದದ್ದು ಹಗಲಿನಲ್ಲಿ ಬೆಳಕು, ಇರುಳಿನಲ್ಲಿ ಕತ್ತಲೆ, ಸ್ಥಳೀಯ ವೇಳೆಗೆ ಊಟ, ಮತ್ತು ಬೈಯದ ಜನ. ಬಾಣಂತನಕ್ಕೆ ಹೋದ ತಾಯಿಗೆ ಮೊದಲ ವಾರ ಒಲೆಯನ್ನೂ ಔಷಧಿಯ ಲೆಕ್ಕವನ್ನೂ ವಹಿಸದೆ, ಹಗಲು ಮನೆಯ ಮುಂದೆ ಕುರ್ಚಿ ಹಾಕಿ ಕೂರಿಸುವುದು ಲೇಸು. ನಡುರಾತ್ರಿ ಅವಳು ಎದ್ದು ಕುಳಿತಿದ್ದರೆ ಕಾರಣ ಕೇಳುವ ಅಗತ್ಯವಿಲ್ಲ. ಅವಳ ಹೊತ್ತು ಇನ್ನೂ ದಾರಿಯಲ್ಲಿದೆ.